2¹²⁷ − 1 ಎಂಬ 39 ಅಂಕಿಯ ಅವಿಭಾಜ್ಯ ಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಸಂಖ್ಯೆಯ ಬಗ್ಗೆ ಮಾತು ಇದು?

2ನ್ನು 127 ಸಲ ಬರೆದು ಎಲ್ಲವನ್ನೂ ಗುಣಿಸಿ, ಬಂದದ್ದರಲ್ಲಿ 1 ಕಳೆಯಿರಿ. ಸಿಗುವುದು ಇದು:

170141183460469231731687303715884105727

ಇದು ಅವಿಭಾಜ್ಯ. ಅಂದರೆ 1 ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಇವತ್ತಿನ ಲೆಕ್ಕದಲ್ಲಿ ಇದೇನೂ ದೊಡ್ಡ ಸಂಖ್ಯೆಯಲ್ಲ. ಆದರೆ ಇದು ಅವಿಭಾಜ್ಯ ಅಂತ ತಿಳಿದದ್ದು 1876ರಲ್ಲಿ. ಆಗ ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಕಾಗದ ಮತ್ತು ತಾಳ್ಮೆ. ಫ್ರಾನ್ಸಿನ ಎಡ್ವರ್ಡ್ ಲುಕಾಸ್ ಇದನ್ನು ಕಂಡುಕೊಂಡದ್ದು ಒಂದೇ ಒಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡದೆ. ನನಗೆ ಈ ಸಂಖ್ಯೆ ಇಷ್ಟವಾಗುವುದೇ ಆ ಕಾರಣಕ್ಕೆ.

ಇದನ್ನು ಓದುವುದು ಹೇಗೆ?

ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿದರೆ ಹೀಗಾಗುತ್ತದೆ: 17,01,41,18,34,60,46,92,31,73,16,87,30,37,15,88,41,05,727. ಬಾಯಲ್ಲಿ ಹೇಳಬೇಕೆಂದರೆ ಸುಮಾರು 1,701 ಕೋಟಿ ಕೋಟಿ ಕೋಟಿ ಕೋಟಿ ಕೋಟಿ. ಕೋಟಿ ಐದು ಸಲ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ. ಈ ಸಂಖ್ಯೆಗೆ 39 ಸ್ಥಾನ ಬೇಕು. ಮಹಾಕ್ಷೋಭ ದಾಟಿದ ಮೇಲೂ ಇನ್ನೂ 15 ಅಂಕಿ ಉಳಿಯುತ್ತವೆ.

0 ಮತ್ತು 1 ಎರಡನ್ನೇ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆಯುವುದು ಮಾತ್ರ ಬಹಳ ಸುಲಭ. ಸಾಲಾಗಿ 127 ಒಂದುಗಳು, ಅಷ್ಟೇ. ಮುಂದೆ ಇದೇ ಉಪಯೋಗಕ್ಕೆ ಬರುತ್ತದೆ.

ಚಿಕ್ಕ ಚಿಕ್ಕ ಸಂಖ್ಯೆಗಳಿಂದ ಭಾಗಿಸುತ್ತಾ ಹೋದರೆ ಗೊತ್ತಾಗಲ್ವಾ?

ಗೊತ್ತಾಗುತ್ತದೆ, ಆದರೆ ಬದುಕಿರುವಾಗಲೇ ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಕಲಿತ ನಿಯಮ ನೆನಪಿದೆಯಲ್ಲ: ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಈ ಸಂಖ್ಯೆಯ ವರ್ಗಮೂಲವೇ 20 ಅಂಕಿಯದು. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು ಸುಮಾರು 3,000 ಕೋಟಿ ಕೋಟಿ.

ಸ್ವಲ್ಪ ಬುದ್ಧಿ ಉಪಯೋಗಿಸಿದರೆ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಯಾವುದೋ ಒಂದು ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಅಂದುಕೊಳ್ಳಿ. ಅದರಿಂದ 2¹²⁷ನ್ನು ಭಾಗಿಸಿದರೆ ಶೇಷ 1 ಬರಬೇಕು. 127 ತಾನೇ ಅವಿಭಾಜ್ಯವಾದ್ದರಿಂದ, ಹಾಗೆ ಬರಬೇಕಾದರೆ ಆ ಭಾಜಕದಲ್ಲಿ 1 ಕಳೆದಾಗ ಉಳಿಯುವುದು 127ರ ಗುಣಕ ಆಗಿರಲೇಬೇಕು. ಭಾಜಕ ಬೆಸ ಸಂಖ್ಯೆ ಬೇರೆ. ಹಾಗಾಗಿ ಅದು 254ರ ಯಾವುದೋ ಗುಣಕಕ್ಕೆ 1 ಸೇರಿಸಿದ ಸಂಖ್ಯೆ. ಇನ್ನೊಂದು ನಿಯಮವೂ ಇದೆ: ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು.

ಎರಡನ್ನೂ ಇಟ್ಟುಕೊಂಡು ಹುಡುಕಿ ನೋಡಿ. 255 ಅವಿಭಾಜ್ಯವಲ್ಲ. 509 ಅವಿಭಾಜ್ಯ, ಆದರೆ 8ರ ನಿಯಮದಲ್ಲಿ ಬಿದ್ದುಹೋಗುತ್ತದೆ. 1271 ಎಂದರೆ 31 × 41. 2033 ಎಂದರೆ 19 × 107. ಹೀಗೆ ಸೋಸುತ್ತಾ ಹೋದರೆ ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆ 2287. ಅದಕ್ಕಿಂತ ಚಿಕ್ಕ ಅವಿಭಾಜ್ಯಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ!

ಇಷ್ಟೆಲ್ಲ ಸೋಸಿದ ಮೇಲೂ ಉಳಿಯುವುದು ಸುಮಾರು 12 ಕೋಟಿ ಕೋಟಿ ಅವಿಭಾಜ್ಯಗಳು. ಸೆಕೆಂಡಿಗೆ ಒಂದರಂತೆ ಭಾಗಿಸಿದರೂ ಮುಗಿಯಲು ನಾಲ್ಕು ಕೋಟಿ ವರ್ಷಗಳ ಹತ್ತಿರ ಬೇಕು.

ಹಾಗಾದರೆ ಲುಕಾಸ್ ಏನು ಮಾಡಿದ?

ಭಾಗಿಸುವ ದಾರಿಯನ್ನೇ ಬಿಟ್ಟ. ಅವನ ವಿಧಾನ ಹೀಗಿದೆ. 3ರಿಂದ ಶುರುಮಾಡಿ. ಅದರ ವರ್ಗ ಮಾಡಿ, 2 ಕಳೆಯಿರಿ, ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಆ ಶೇಷದ ಮೇಲೆ ಮತ್ತೆ ಅದೇ ಕೆಲಸ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ.

ಚಿಕ್ಕದರಲ್ಲಿ ಮಾಡಿ ನೋಡೋಣ. 2⁷ − 1 = 127. ಇಲ್ಲಿ ಐದು ಹೆಜ್ಜೆ. 3ರ ವರ್ಗ 9, ಎರಡು ಕಳೆದರೆ 7. 7ರ ವರ್ಗ 49, ಎರಡು ಕಳೆದರೆ 47. 47ರ ವರ್ಗದಲ್ಲಿ ಎರಡು ಕಳೆದರೆ 2207, ಅದನ್ನು 127ರಿಂದ ಭಾಗಿಸಿದಾಗ ಶೇಷ 48. ಅಲ್ಲಿಂದ 2302, ಶೇಷ 16. ಕೊನೆಗೆ 254, ಶೇಷ 0. ಆದ್ದರಿಂದ 127 ಅವಿಭಾಜ್ಯ. ಎಲ್ಲಿಯೂ 3ರಿಂದಲೋ 7ರಿಂದಲೋ 11ರಿಂದಲೋ ಭಾಗಿಸಲಿಲ್ಲ, ಗಮನಿಸಿದಿರಾ?

ನಮ್ಮ ದೊಡ್ಡ ಸಂಖ್ಯೆಗೆ 125 ಹೆಜ್ಜೆ. ಮೊದಲ ಕೆಲವು ಹೆಜ್ಜೆ ಬಿಟ್ಟರೆ ಪ್ರತಿ ಸಲವೂ ಸುಮಾರು 39 ಅಂಕಿಯ ಸಂಖ್ಯೆಯ ವರ್ಗ. ಕಷ್ಟ ನಿಜ. ಆದರೆ ನಾಲ್ಕು ಕೋಟಿ ವರ್ಷದ ಕೆಲಸ ಈಗ ಹಟ ಹಿಡಿದು ಕೂತವನೊಬ್ಬ ಮಾಡಿ ಮುಗಿಸಬಹುದಾದ ಕೆಲಸವಾಯಿತು.

ಕೈಯಲ್ಲಿ ಅಷ್ಟು ದೊಡ್ಡ ಭಾಗಾಕಾರ ಮಾಡಿದನೇ?

ಭಾಗಾಕಾರವನ್ನೂ ಮಾಡಬೇಕಾಗಿಲ್ಲ. ಇಲ್ಲೇ ಆ 127 ಒಂದುಗಳ ಸಾಲು ನೆರವಿಗೆ ಬರುವುದು. 2¹²⁷ನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 1. ಅಂದರೆ ದ್ವಿಮಾನದಲ್ಲಿ 127 ಸ್ಥಾನ ದಾಟಿ ಎಡಕ್ಕೆ ಹೋದ ಭಾಗವನ್ನು ಕತ್ತರಿಸಿ, ಬಲಗಡೆಯ ಭಾಗಕ್ಕೆ ಕೂಡಿಸಿದರೆ ಶೇಷ ಸಿಕ್ಕಿಬಿಡುತ್ತದೆ.

ಮೇಲಿನ 2302ನ್ನೇ ತೆಗೆದುಕೊಳ್ಳಿ. ಅದು 17 × 128 + 126. 17ಕ್ಕೆ 126 ಕೂಡಿಸಿದರೆ 143. ಅದು 128 + 15, ಅಂದರೆ ಮತ್ತೆ 1 + 15. ಉತ್ತರ 16. ಬರೀ ಕೂಡುವ ಲೆಕ್ಕ.

ಲುಕಾಸ್ ಇದಕ್ಕೆ ಚದುರಂಗದ ಮಣೆಯಂಥ ಒಂದು ವಿಧಾನವನ್ನು ವಿವರಿಸಿದ್ದ. ಉದ್ದಕ್ಕೂ ಅಗಲಕ್ಕೂ 127 ಮನೆಗಳು. ಒಂದು ಇರುವ ಕಡೆ ಕಾಯಿ ಇಡುವುದು, ಸೊನ್ನೆ ಇರುವ ಕಡೆ ಖಾಲಿ ಬಿಡುವುದು. ಗುಣಾಕಾರವೆಂದರೆ ಕಾಯಿಗಳ ಸಾಲನ್ನು ಒಂದೊಂದೇ ಮನೆ ಸರಿಸಿ ಇಡುವುದು. ಮಣೆಯ ಒಂದು ಅಂಚು ದಾಟಿದ ಕಾಯಿ ಇನ್ನೊಂದು ಅಂಚಿನಿಂದ ಒಳಗೆ ಬರುತ್ತದೆ. ಕಂಪ್ಯೂಟರ್ ಚಿಪ್ ಒಳಗೆ ಇವತ್ತು ನಡೆಯುವುದು ಹೆಚ್ಚುಕಮ್ಮಿ ಇದೇ.

ಅಂದಹಾಗೆ, ‘ಟವರ್ ಆಫ್ ಹನೋಯ್’ ಎಂಬ ಬಿಲ್ಲೆಗಳ ಆಟ ಗೊತ್ತಲ್ಲ, 1883ರಲ್ಲಿ ಅದನ್ನು ಹೊರತಂದವನೂ ಇವನೇ. ಆ ಆಟವನ್ನು 127 ಬಿಲ್ಲೆಗಳಲ್ಲಿ ಆಡಿದರೆ ಕನಿಷ್ಠ ಎಷ್ಟು ನಡೆ ಬೇಕು? ಸರಿಯಾಗಿ 2¹²⁷ − 1.

ಸೊನ್ನೆ ಬಂದರೆ ಅವಿಭಾಜ್ಯ ಅಂತ ನಂಬುವುದು ಹೇಗೆ? ಕಾಕತಾಳೀಯ ಇರಬಹುದಲ್ಲ?

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ನಿಧಾನವಾಗಿ ಓದಬೇಕು.

3, 7, 47 ಎಂಬ ಸರಣಿಯ ಹಿಂದೆ ಇನ್ನೊಂದು ಸಂಖ್ಯೆ ಅಡಗಿದೆ: (3 + √5)/2. ಇದಕ್ಕೆ ಇದರ ವಿಲೋಮವನ್ನು (1ನ್ನು ಇದರಿಂದ ಭಾಗಿಸಿದಾಗ ಬರುವುದನ್ನು) ಕೂಡಿಸಿದರೆ 3. ಇದರ ವರ್ಗಕ್ಕೆ ಆ ವರ್ಗದ ವಿಲೋಮ ಕೂಡಿಸಿದರೆ 7. ನಾಲ್ಕನೇ ಘಾತಕ್ಕೆ ಹಾಗೇ ಮಾಡಿದರೆ 47. ‘ವರ್ಗ ಮಾಡಿ 2 ಕಳೆ’ ಎನ್ನುವುದು ಘಾತವನ್ನು ಇಮ್ಮಡಿ ಮಾಡುವ ಉಪಾಯ, ಅಷ್ಟೇ.

ಈಗ ನಮ್ಮ ಸಂಖ್ಯೆ ಅವಿಭಾಜ್ಯವಲ್ಲ ಅಂದುಕೊಳ್ಳಿ. ಅದರ ಅತಿ ಚಿಕ್ಕ ಅವಿಭಾಜ್ಯ ಭಾಜಕ ‘ಕ’. ಇದು ವರ್ಗಮೂಲಕ್ಕಿಂತ ದೊಡ್ಡದಿರಲಾರದು. ಅಂದರೆ ಕ × ಕ ನಮ್ಮ ಸಂಖ್ಯೆಯನ್ನು ಮೀರುವುದಿಲ್ಲ. ಕ-ದಿಂದ ಭಾಗಿಸಿದ ಶೇಷಗಳನ್ನು ಮತ್ತು √5ನ್ನು ಸೇರಿಸಿ ಒಂದು ಪುಟ್ಟ ಲೋಕ ಕಟ್ಟಬಹುದು. ಅದರಲ್ಲಿ ಹೆಚ್ಚೆಂದರೆ ಕ × ಕ ಸದಸ್ಯರು. (3 + √5)/2ನ್ನು ಅಲ್ಲಿ ತನ್ನಿಂದಲೇ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಒಂದಲ್ಲ ಒಂದು ಸಲ 1ಕ್ಕೆ ಮರಳಿ ಬರಬೇಕು. 125ನೇ ಹೆಜ್ಜೆಯಲ್ಲಿ ಸೊನ್ನೆ ಬಂದರೆ ಅದರ ಅರ್ಥ: ಮರಳಲು ಸರಿಯಾಗಿ 2¹²⁷ ಸಲ ಬೇಕು, ಅದಕ್ಕಿಂತ ಮೊದಲು ಸಾಧ್ಯವೇ ಇಲ್ಲ. ಅಂದರೆ ದಾರಿಯಲ್ಲಿ 2¹²⁷ ಬೇರೆ ಬೇರೆ ಸದಸ್ಯರು ಸಿಗಬೇಕು. ಆದರೆ ಆ ಲೋಕದಲ್ಲಿ ಅಷ್ಟು ಜನ ಇಲ್ಲವೇ ಇಲ್ಲ! ಆದ್ದರಿಂದ ‘ಕ’ ಎಂಬ ಭಾಜಕವೇ ಇಲ್ಲ.

ಕಾಕತಾಳೀಯಕ್ಕೆ ಇಲ್ಲಿ ಜಾಗವಿಲ್ಲ. ಇದು ‘ಬಹುಶಃ ಅವಿಭಾಜ್ಯ’ ಎನ್ನುವ ಪರೀಕ್ಷೆಯಲ್ಲ, ಪೂರ್ತಿ ಸಾಧನೆ. ಇಷ್ಟು ಸಲೀಸಾಗಿ ನಡೆಯಲು ಕಾರಣ ನಮ್ಮ ಸಂಖ್ಯೆಯ ಪಕ್ಕದ ಮನೆ. ಅದಕ್ಕೆ 1 ಸೇರಿಸಿದರೆ ಬರೀ 2ಗಳ ಗುಣಲಬ್ಧ. ಯಾವುದೋ ಒಂದು 39 ಅಂಕಿಯ ಸಂಖ್ಯೆಗೆ ಈ ಸೌಲಭ್ಯ ಇರುವುದಿಲ್ಲ. ಎಲ್ಲ ಸಂಖ್ಯೆಗಳಿಗೂ ಸಲ್ಲುವ, ಖಚಿತವಾದ, ವೇಗದ ಪರೀಕ್ಷೆ ಒಂದು ಇದೆ ಅಂತ ತೋರಿಸಿದ್ದು 2002ರಲ್ಲಿ. ಅದು ನಮ್ಮ ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರ ಕೆಲಸ.

ಸೊನ್ನೆ ಬರದಿದ್ದರೆ?

ಆಗ ಸಂಖ್ಯೆ ಸಂಯುಕ್ತ. 2¹¹ − 1 = 2047ನ್ನು ಪರೀಕ್ಷಿಸಿ ನೋಡಿ. 3, 7, 47, 160, 1034, 620, 1609, 1471, ಮತ್ತೆ 160. ಸುತ್ತು ಹೊಡೆಯಲು ಶುರುವಾಯಿತು, ಸೊನ್ನೆ ಇನ್ನು ಬರುವುದೇ ಇಲ್ಲ. ನಿಜಕ್ಕೂ 2047 = 23 × 89. ಆದರೆ ಪರೀಕ್ಷೆ 23ನ್ನೂ ಹೇಳಲಿಲ್ಲ, 89ನ್ನೂ ಹೇಳಲಿಲ್ಲ. ‘ಒಡೆಯುತ್ತದೆ’ ಅಂತ ಮಾತ್ರ ಹೇಳಿತು.

ಲುಕಾಸ್ ಅದೇ 1876ರಲ್ಲಿ 2⁶⁷ − 1 ಸಂಯುಕ್ತ ಅಂತಲೂ ತೋರಿಸಿದ. ಹೇಗೆ ಒಡೆಯುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು ಒಡೆದು ತೋರಿಸಿದ: 193707721 × 761838257287. ‘ಅವಿಭಾಜ್ಯ ಹೌದೋ ಅಲ್ಲವೋ’ ಎನ್ನುವುದು ಬೇರೆ ಪ್ರಶ್ನೆ, ‘ಹೇಗೆ ಒಡೆಯುತ್ತದೆ’ ಎನ್ನುವುದು ಬೇರೆ ಪ್ರಶ್ನೆ. ಎರಡನೆಯದು ಬಹಳ ಜಾಸ್ತಿ ಕಷ್ಟ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

2ರ ಘಾತದಿಂದ 1 ಕಳೆದರೆ ಯಾವಾಗಲೂ ಅವಿಭಾಜ್ಯ ಸಿಗುತ್ತದೆಯೇ?

ಇಲ್ಲ. ಘಾತ ಅವಿಭಾಜ್ಯವಾಗಿರಲೇಬೇಕು, ಆದರೆ ಅಷ್ಟೇ ಸಾಲದು. ಮೇಲೆ ನೋಡಿದ 11, 67 ಎರಡೂ ಅವಿಭಾಜ್ಯಗಳೇ.

ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಅಂತ ಹೆಸರು. ಪ್ಯಾರಿಸ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ 257ರವರೆಗಿನ ಘಾತಗಳಿಗೆ ಒಂದು ಪಟ್ಟಿ ಕೊಟ್ಟ: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. ಸೇರಬೇಕಾಗಿದ್ದ 61, 89, 107 ಬಿಟ್ಟುಹೋಗಿವೆ. 61ನ್ನು ಕಂಡುಹಿಡಿದವನು ಪೆರ್ವುಶಿನ್ ಎಂಬ ರಷ್ಯಾದ ಪಾದ್ರಿ, 1883ರಲ್ಲಿ. 89 ಮತ್ತು 107 ಸಿಕ್ಕಿದ್ದು 1911 ಮತ್ತು 1914ರಲ್ಲಿ. ಪಟ್ಟಿಯನ್ನು ಪೂರ್ತಿ ಪರಿಶೀಲಿಸಿ ಮುಗಿಸುವ ಹೊತ್ತಿಗೆ 1947 ಬಂದಿತ್ತು.

127 ಸರಿಯಾಗಿ ಬಿದ್ದದ್ದು ಮರ್ಸೆನ್‌ನ ಅದೃಷ್ಟ ಅನ್ನುವುದೇ ನನ್ನ ಅನಿಸಿಕೆ. ಅವನ ಕಾಲದಲ್ಲಿ ಅದನ್ನು ಪರೀಕ್ಷಿಸುವ ದಾರಿಯೇ ಇರಲಿಲ್ಲ. ಚಿಕ್ಕದರಿಂದ ಎಣಿಸಿದರೆ ನಮ್ಮದು 12ನೇ ಮರ್ಸೆನ್ ಅವಿಭಾಜ್ಯ.

ಇದಕ್ಕೆ ಅವಳಿ ಅವಿಭಾಜ್ಯ ಇದೆಯೇ?

ಇಲ್ಲ. ಅವಳಿ ಎಂದರೆ 2ರ ಅಂತರದಲ್ಲಿರುವ ಇನ್ನೊಂದು ಅವಿಭಾಜ್ಯ. 2 ಕಳೆದರೆ ಕೊನೆಯ ಅಂಕಿ 5 ಆಗುತ್ತದೆ. 2 ಕೂಡಿಸಿದರೆ 3ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 154, ಅದಕ್ಕೆ 2 ಸೇರಿದರೆ 156. ನೀವೇ ನೋಡಿಕೊಳ್ಳಬಹುದು.

ಆದರೆ ಹಾಗೆ 2 ಕೂಡಿಸಿ ಸಿಕ್ಕಿದ 2¹²⁷ + 1ನ್ನು 3ರಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಅವಿಭಾಜ್ಯ! ಇದು ಸಣ್ಣ ವಿಷಯವಲ್ಲ. 127 ತಾನೂ 2ರ ಘಾತಕ್ಕಿಂತ ಒಂದು ಕಡಿಮೆ, ಅದರ ಮರ್ಸೆನ್ ಸಂಖ್ಯೆಯೂ ಅವಿಭಾಜ್ಯ, ಈ ಮೂರನೆಯದೂ ಅವಿಭಾಜ್ಯ. ಇದರಲ್ಲಿ ಎರಡು ನಿಜವಾದರೆ ಮೂರನೆಯದೂ ನಿಜ ಅಂತ 1989ರಲ್ಲಿ ಬೇಟ್‌ಮನ್, ಸೆಲ್‌ಫ್ರಿಜ್, ವ್ಯಾಗ್‌ಸ್ಟಾಫ್ ಎಂಬ ಮೂವರು ಊಹೆ ಮುಂದಿಟ್ಟರು. (ಮೊದಲನೆಯ ಷರತ್ತು ಸ್ವಲ್ಪ ಸಡಿಲ. 2ರ ಘಾತಕ್ಕಿಂತ ಒಂದು ಜಾಸ್ತಿ ಇದ್ದರೂ, 4ರ ಘಾತಕ್ಕಿಂತ ಮೂರು ಹೆಚ್ಚು ಅಥವಾ ಕಡಿಮೆ ಇದ್ದರೂ ನಡೆಯುತ್ತದೆ.) ಮೂರೂ ಕೂಡಿಬಂದ ಘಾತಗಳಲ್ಲಿ ಈವರೆಗೆ ಗೊತ್ತಿರುವ ಅತಿ ದೊಡ್ಡದು 127.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಆಗುವುದಿಲ್ಲ. 8ರಿಂದ ಭಾಗಿಸಿದಾಗ ಶೇಷ 7 ಬರುವ ಸಂಖ್ಯೆಗೆ ಮೂರು ವರ್ಗಗಳೂ ಸಾಲವು. ನಾಲ್ಕು ಬೇಕೇ ಬೇಕು.

ಒಂದು ಕಡಿಮೆ ಮಾಡಿದರೆ ಏನು ಸಿಗುತ್ತದೆ?

ಪುಡಿ ಪುಡಿಯಾಗುತ್ತದೆ: 2 × 3³ × 7² × 19 × 43 × 73 × 127 × 337 × 5419 × 92737 × 649657 × 77158673929. ಮಧ್ಯದಲ್ಲಿ 127 ಕೂತಿರುವುದನ್ನು ನೋಡಿ. ಅದು ಫೆರ್ಮಾನ ಕಿರು ಪ್ರಮೇಯದ ಫಲ: ಘಾತ ಅವಿಭಾಜ್ಯವಾದರೆ, 2ರ ಆ ಘಾತದಲ್ಲಿ 2 ಕಳೆದದ್ದನ್ನು ಆ ಘಾತವೇ ಭಾಗಿಸುತ್ತದೆ. ಒಂದು ಕಡೆ ಬರೀ ಎರಡುಗಳು, ಇನ್ನೊಂದು ಕಡೆ ಇಷ್ಟೊಂದು ಚೂರು, ನಡುವೆ ಒಡೆಯದ ಒಂದು ಸಂಖ್ಯೆ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

6ನ್ನೇ ಬಿಟ್ಟರೆ 6ರ ಭಾಜಕಗಳು 1, 2, 3. ಕೂಡಿಸಿದರೆ ಮತ್ತೆ 6. ಇಂಥವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯದಿಂದ ಒಂದು ಸಮ ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ ಅಂತ ಯೂಕ್ಲಿಡ್ ತೋರಿಸಿದ್ದ. ಬೇರೆ ಸಮ ಪರಿಪೂರ್ಣ ಸಂಖ್ಯೆಗಳೇ ಇಲ್ಲ ಅಂತ ಆಯ್ಲರ್ ಸಾಧಿಸಿದ. ನಮ್ಮ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಯ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ.

ಎಷ್ಟು ವರ್ಷ ಇದೇ ಅತಿ ದೊಡ್ಡ ಅವಿಭಾಜ್ಯವಾಗಿತ್ತು?

75 ವರ್ಷ. 1951ರಲ್ಲಿ ಫೆರಿಯರ್ ಎಂಬಾತ ಕೈಯಿಂದ ನಡೆಸುವ ಲೆಕ್ಕದ ಯಂತ್ರ ಹಿಡಿದು, 2¹⁴⁸ + 1ನ್ನು 17ರಿಂದ ಭಾಗಿಸಿದರೆ ಬರುವ 44 ಅಂಕಿಯ ಸಂಖ್ಯೆ ಅವಿಭಾಜ್ಯ ಅಂತ ತೋರಿಸಿದ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವ್ಹೀಲರ್ ಎಡ್‌ಸ್ಯಾಕ್ ಕಂಪ್ಯೂಟರಿನಲ್ಲಿ 79 ಅಂಕಿಯದೊಂದನ್ನು ಕಂಡುಕೊಂಡರು. ಅದರ ರೂಪ ನೋಡಿ: ನಮ್ಮ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ 1 ಸೇರಿಸಿದ್ದು. ದಾಖಲೆ ಮುರಿದದ್ದೂ ಇದರ ಹೆಗಲ ಮೇಲೆ ನಿಂತೇ. 1952ರಲ್ಲಿ ರಾಬಿನ್ಸನ್ ಬರೆದ ಪ್ರೋಗ್ರಾಮ್ 2⁵²¹ − 1 ಮತ್ತು 2⁶⁰⁷ − 1 ಎರಡನ್ನೂ ಒಂದೇ ದಿನದಲ್ಲಿ ಹಿಡಿಯಿತು. ಅಲ್ಲಿಂದ ಮುಂದೆ ಕೈಲೆಕ್ಕದ ಕಾಲ ಮುಗಿಯಿತು.

ಇವತ್ತಿನ ದಾಖಲೆ ಎಷ್ಟು?

2¹³⁶²⁷⁹⁸⁴¹ − 1. ಇದರಲ್ಲಿ 4,10,24,320 ಅಂಕಿಗಳಿವೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಗ್ರಾಫಿಕ್ಸ್ ಚಿಪ್‌ಗಳ ಬಲದಿಂದ ಕಂಡುಕೊಂಡದ್ದು. ಅದನ್ನು ಖಚಿತಪಡಿಸಲು ಬಳಸಿದ್ದೂ ಲುಕಾಸ್ ಶುರುಮಾಡಿ ಲೆಹ್ಮರ್ ತಿದ್ದಿದ ಇದೇ ‘ವರ್ಗ ಮಾಡಿ 2 ಕಳೆ’ ಪರೀಕ್ಷೆ.

ಈ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಎಲ್ಲೋ ನೋಡಿದ ನೆನಪು. ಎಲ್ಲಿ?

ಪ್ರೋಗ್ರಾಮಿಂಗ್ ಮಾಡುವವರಿಗೆ ಇದು ಪರಿಚಿತ ಮುಖ. ಚಿಹ್ನೆ ಸಹಿತ 128 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆ ಇದೇ. ರಸ್ಟ್ ಭಾಷೆಯಲ್ಲಿ ಈ ಮಿತಿಯನ್ನು ಕೇಳಿದರೆ ಪೂರ್ತಿ 39 ಅಂಕಿ ಪರದೆಯ ಮೇಲೆ ಬರುತ್ತದೆ. ಹಳೆಯ ಕಮೊಡೋರ್ 64ರ ಬೇಸಿಕ್‌ನಲ್ಲೂ ದಶಮಾಂಶ ಸಂಖ್ಯೆಯ ಮಿತಿ 1.70141183 × 10³⁸ ಆಗಿತ್ತು. ಅಲ್ಲೂ 2¹²⁷ರ ನೆರಳೇ.

ಗೂಢಲಿಪಿಯಲ್ಲಿ ಉಪಯೋಗ ಇದೆಯೇ?

ಗುಟ್ಟಿನ ಕೀಲಿಯಾಗಿ ಇಲ್ಲ. ಎಲ್ಲರಿಗೂ ಗೊತ್ತಿರುವ ಸಂಖ್ಯೆ ಗುಟ್ಟು ಹೇಗಾದೀತು? ಆದರೆ ಲೆಕ್ಕ ನಡೆಸುವ ಅಂಗಳವಾಗಿ ಉಪಯೋಗ ಇದೆ. ಶೇಷ ತೆಗೆಯುವುದು ಬರೀ ಕತ್ತರಿಸಿ ಕೂಡಿಸುವ ಕೆಲಸವಾದ್ದರಿಂದ ವೇಗ ಜಾಸ್ತಿ. ಮೈಕ್ರೋಸಾಫ್ಟ್ ರಿಸರ್ಚ್‌ನವರು 2015ರಲ್ಲಿ ಪ್ರಕಟಿಸಿದ ಫೋರ್‌ಕ್ಯೂ ಎಂಬ ವಕ್ರರೇಖೆಯ ಲೆಕ್ಕವೆಲ್ಲ ಈ ಅವಿಭಾಜ್ಯದ ಮೇಲೆಯೇ ನಡೆಯುವುದು.

2, 3, 7, 127, ಆಮೇಲೆ?

2² − 1 = 3. 2³ − 1 = 7. 2⁷ − 1 = 127. 2¹²⁷ − 1 ನಮ್ಮ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಹಾಗಾದರೆ 2ಕ್ಕೆ ನಮ್ಮ ಸಂಖ್ಯೆಯನ್ನೇ ಘಾತವಾಗಿಟ್ಟು 1 ಕಳೆದರೆ? ಲುಕಾಸ್‌ನ ಸುದ್ದಿ ತಿಳಿದ ಕೂಡಲೇ ಬೆಲ್ಜಿಯಂನ ಕ್ಯಾಟಲನ್ ಈ ಸರಣಿಯತ್ತ ಬೆರಳು ತೋರಿಸಿದ. ಇವತ್ತಿಗೂ ಉತ್ತರ ಯಾರಿಗೂ ಗೊತ್ತಿಲ್ಲ. ಆ ಸಂಖ್ಯೆಯ ಅಂಕಿಗಳೇ ಸುಮಾರು 5 × 10³⁷. ಲುಕಾಸ್‌ನ ಪರೀಕ್ಷೆ ಇಲ್ಲಿ ಕೈಕೊಡುತ್ತದೆ, ಹೆಜ್ಜೆಗಳೇ 39 ಅಂಕಿಯಷ್ಟಾಗುತ್ತವೆ. ಭಾಜಕವೊಂದು ಸಿಕ್ಕಿದರೆ ಮಾತ್ರ ತೀರ್ಮಾನವಾದೀತು. ಭಾಜಕವೇ ಇಲ್ಲದಿದ್ದರೆ, ಇಲ್ಲ ಅಂತ ಸಾಧಿಸುವ ದಾರಿ ಸದ್ಯಕ್ಕಂತೂ ಕಾಣುವುದಿಲ್ಲ.

ನಾನೇ ಪರೀಕ್ಷಿಸಿ ನೋಡಬಹುದೇ?

ಖಂಡಿತ. ಪೈಥಾನ್‌ನಲ್ಲಿ 2**127 - 1 ಅಂತ ಕೊಟ್ಟರೆ ಸಂಖ್ಯೆ ಸಿಗುತ್ತದೆ. 3ರಿಂದ ಶುರುಮಾಡಿ, ವರ್ಗ ಮಾಡಿ, 2 ಕಳೆದು, ಶೇಷ ತೆಗೆಯುವ ಸಾಲನ್ನು 125 ಸಲ ಓಡಿಸಿ. ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆ ಬರುತ್ತದೆ. ಆಮೇಲೆ 67 ಹಾಕಿ 65 ಸಲ ಓಡಿಸಿ, ಸೊನ್ನೆ ಬರುವುದಿಲ್ಲ.

ಒಂದು ಎಚ್ಚರಿಕೆ. 3ರಿಂದ ಶುರುಮಾಡುವುದು ಸರಿಹೋಗುವುದು ಘಾತವನ್ನು 4ರಿಂದ ಭಾಗಿಸಿದಾಗ ಶೇಷ 3 ಬಂದರೆ ಮಾತ್ರ. 127, 67, 11, 7 ಎಲ್ಲವೂ ಅಂಥವೇ. 61 ಅಥವಾ 89 ಹಾಕಿ 3ರಿಂದ ಹೊರಟರೆ, ಸಂಖ್ಯೆ ಅವಿಭಾಜ್ಯವಾದರೂ ಸೊನ್ನೆ ಬರುವುದಿಲ್ಲ. ಅವಕ್ಕೆ 4ರಿಂದ ಶುರುಮಾಡಿ. 4 ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ನಡೆಯುತ್ತದೆ.